ಬಿಪಿ ಗುಳಿಗೆ, ಮೊಣಕಾಲಿನ ಗುಳಿಗೆ: ನಡುವೆ ಎಷ್ಟು ತಾಸು ಬಿಡಬೇಕು?

ಪ್ರಶ್ನೆ: ‘ಮುಂಜಾನೆ ಬಿಪಿಗೆ ಟೆಲ್ಮಿಸಾರ್ಟನ್ ತಗೋತೀನ್ರಿ. ರಾತ್ರಿ ಊಟ ಆದಮ್ಯಾಲ ಮೊಣಕಾಲು ನೋವಿಗೆ ಡೈಕ್ಲೋಫೆನಾಕ್. ನಡುವ 12 ತಾಸು ಬಿಟ್ರ ಏನೂ ಆಗಂಗಿಲ್ಲಲ್ರಿ?’

ತೊಂದರೆ ಆಗುತ್ತದೆ. ಜಮಖಂಡಿಯಿಂದ ಇಂಡಿಯವರೆಗೆ ಇದೇ ಪ್ರಶ್ನೆ, ತಾಸಿನ ಲೆಕ್ಕವಷ್ಟೇ ಬೇರೆ. ಒಬ್ಬರದು 2, ಇನ್ನೊಬ್ಬರದು 12.

ಅಂತರ ಬಿಡುವ ನಿಯಮ ಸುಳ್ಳಲ್ಲ, ಆದರೆ ಅದು ಬೇರೆ ಗುಳಿಗೆಗಳದು. ಥೈರಾಯ್ಡ್ ಗುಳಿಗೆಯನ್ನು ಕ್ಯಾಲ್ಸಿಯಂ, ಕಬ್ಬಿಣಾಂಶದ ಗುಳಿಗೆಗಳಿಂದ 4 ತಾಸು ದೂರ ಇಡಿ ಎನ್ನುತ್ತೇವೆ. ಅವು ಕರುಳಿನಲ್ಲೇ ಒಂದಕ್ಕೊಂದು ಅಂಟಿಕೊಂಡು ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಟೆಲ್ಮಿಸಾರ್ಟನ್-ಡೈಕ್ಲೋಫೆನಾಕ್ ಜಗಳ ಕರುಳಿನದಲ್ಲ, ಕಿಡ್ನಿಯದು. ರಕ್ತದಲ್ಲಿನ ಟೆಲ್ಮಿಸಾರ್ಟನ್ ಅರ್ಧಕ್ಕಿಳಿಯಲು ಸುಮಾರು 24 ತಾಸು ಬೇಕು. ದಿನಾ ನುಂಗುವವರ ಮೈಯಲ್ಲಿ ಅದು ಇಲ್ಲದ ಹೊತ್ತೇ ಇಲ್ಲ. ಇನ್ನು ಯಾವ ತಾಸು ನೋಡಿ ತಪ್ಪಿಸಿಕೊಳ್ಳುತ್ತೀರಿ?

ಕಿಡ್ನಿಯ ಸೋಸುವ ಜಾಲರಿಗೆ ರಕ್ತ ತರುವ ನಾಳವನ್ನು ನೋವಿನ ಗುಳಿಗೆ ಬಿಗಿಯುತ್ತದೆ. ರಕ್ತ ಹೊರಹೋಗುವ ನಾಳವನ್ನು ಟೆಲ್ಮಿಸಾರ್ಟನ್ ಸಡಿಲಿಸುತ್ತದೆ. ನಡುವೆ ಒತ್ತಡ ಬಿದ್ದು ಸೋಸುವ ಕೆಲಸ ಕುಂಟುತ್ತದೆ. ಬಿಪಿ ಗುಳಿಗೆಯ ಸ್ಟ್ರಿಪ್ ಮೇಲೆ ಹೆಸರಿನ ಜೊತೆ ‘ಎಚ್’ ಇದ್ದರೆ ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿರುತ್ತದೆ, ಅಪಾಯ ಇನ್ನಷ್ಟು. ಮೇ ತಿಂಗಳ ಬಿಸಿಲಲ್ಲಿ ಬೆವರಿ ನೀರು ಕುಡಿಯದ ದಿನ, ವಾಂತಿ-ಭೇದಿಯಾದ ದಿನ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಏರುವುದು ಹೀಗೇ. ಮೇಲಾಗಿ ನೋವಿನ ಗುಳಿಗೆ ಉಪ್ಪು-ನೀರು ಹಿಡಿದಿಟ್ಟು ಬಿಪಿಯನ್ನೂ ಏರಿಸುತ್ತದೆ. ಆಮೇಲೆ ‘ಬಿಪಿ ಗುಳಿಗಿ ಕೆಲಸಾನ ಮಾಡವಲ್ದು’ ಎಂದು ಡೋಸ್ ಹೆಚ್ಚಿಸಿಕೊಳ್ಳಲು ಬರುತ್ತಾರೆ!

ಒಂದು ದಿನ ಒಂದು ನುಂಗಿದ್ದಕ್ಕೆ ಆರೋಗ್ಯವಂತರ ಕಿಡ್ನಿ ಕೈಕೊಡುವುದು ಅಪರೂಪ. ವಾರಗಟ್ಟಲೆ ನುಂಗಿದ್ದರೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ವೈದ್ಯರಿಗೆ ತೋರಿಸಿ. ನೋವಿಗೆ ಮೊದಲು ಹಚ್ಚುವ ಡೈಕ್ಲೋಫೆನಾಕ್ ಜೆಲ್ ಸಾಕು, ಅದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಸಾಲದಿದ್ದರೆ ಪ್ಯಾರಾಸಿಟಮಾಲ್, ದಿನಕ್ಕೆ 3 ಗ್ರಾಂ ದಾಟದಂತೆ. ಆದರೆ ಸ್ಟ್ರಿಪ್ ತಿರುವಿ ಓದಿ. ‘ಬರೇ ಪ್ಯಾರಾಸಿಟಮಾಲ್ ರೀ’ ಎಂದು ತೋರಿಸುವುದರಲ್ಲಿ ಅಸಿಕ್ಲೋಫೆನಾಕ್ 100 ಮಿಲಿಗ್ರಾಂ ಕೂತಿರುತ್ತದೆ, ಅದೂ ಡೈಕ್ಲೋಫೆನಾಕ್ ಮನೆತನದ್ದೇ. ಹೃದಯಕ್ಕೆಂದು ವೈದ್ಯರು ಕೊಟ್ಟ ಆಸ್ಪಿರಿನ್ 75 ಈ ಲೆಕ್ಕಕ್ಕೆ ಬರದು; ಇದನ್ನು ಓದಿ ಅದನ್ನು ನಿಲ್ಲಿಸಬೇಡಿ.

ಯಾರೂ ಕೇಳದ, ಆದರೆ ಕೇಳಬೇಕಾದ ಮಾತು: ಬಿಪಿಗೆ ಒಳ್ಳೆಯದೆಂದು ತರುವ ‘ಕಡಿಮೆ ಸೋಡಿಯಂ’ ಉಪ್ಪು. ಸೋಡಿಯಂ ತೆಗೆದ ಜಾಗಕ್ಕೆ ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಟೆಲ್ಮಿಸಾರ್ಟನ್ ಮೊದಲೇ ಪೊಟ್ಯಾಸಿಯಂ ಹೊರಹೋಗದಂತೆ ತಡೆಯುತ್ತದೆ. ಕಿಡ್ನಿ ಸೋತವರಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪೀತು. ಆ ಪ್ಯಾಕೆಟ್ ತರುವ ಮೊದಲು ವೈದ್ಯರನ್ನು ಕೇಳಿ. ಅಲ್ಲಿವರೆಗೆ ರೊಟ್ಟಿ ಜೊತೆಗಿನ ಉಪ್ಪಿನಕಾಯಿ, ಶೇಂಗಾ ಹಿಂಡಿಯ ಉಪ್ಪನ್ನು ಅರ್ಧ ಮಾಡಿ.