ಚಿಕಿತ್ಸೆ ಮುಗಿದ ಮೇಲಿನ ಪುಟ: ದಂತವೈದ್ಯ ಶಿಕ್ಷಣಕ್ಕೆ ಅವಲೋಕನ ಬಂದ ಬಗೆ

ಉಳಿಸಬಹುದಾಗಿದ್ದ ಹಲ್ಲೊಂದನ್ನು ಅಂತಿಮ ವರ್ಷದ ದಂತವೈದ್ಯ ವಿದ್ಯಾರ್ಥಿಯೊಬ್ಬಳು ಕೀಳಬೇಕಾಗಿ ಬರುತ್ತದೆ ಎಂದುಕೊಳ್ಳೋಣ. ರೂಟ್ ಕೆನಾಲ್ ಮಾಡಿದರೆ ಹಲ್ಲು ಉಳಿಯುತ್ತಿತ್ತು. ಆದರೆ ಮತ್ತೆರಡು ಬಾರಿ ಕೆಲಸ ಬಿಟ್ಟು ಬರಲು ರೋಗಿಗೆ ಸಾಧ್ಯವಿಲ್ಲ, ಬಂದರೂ ಕೊಡಲು ಹಣವಿಲ್ಲ. ಚಿಕಿತ್ಸಾ ದಾಖಲೆಯಲ್ಲಿ ಇದು ಒಂದೇ ಸಾಲಿನ ವಿಷಯ. ಆ ಸಾಲಿನಲ್ಲಿ ಹಿಡಿಸದೆ ಉಳಿದದ್ದನ್ನು ಏನು ಮಾಡಬೇಕು ಎಂಬ ಪ್ರಶ್ನೆಯಿಂದಲೇ, ಸೌಲಭ್ಯವಂಚಿತ ಸಮುದಾಯಗಳಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಅವಲೋಕನದ ಬರವಣಿಗೆ, ಅಂದರೆ ತಾವು ಮಾಡಿದ್ದನ್ನೂ ಕಂಡದ್ದನ್ನೂ ಹಿಂತಿರುಗಿ ನೋಡಿ ಪ್ರಶ್ನಿಸಿಕೊಂಡು ಬರೆಯುವುದು, ಅಗತ್ಯವೆಂಬ ವಿಚಾರ ಬೆಳೆಯಿತು.

ದಂತವೈದ್ಯ ಶಿಕ್ಷಣ ಬಹುಕಾಲ ಈ ಪ್ರಶ್ನೆಯನ್ನು ಕೇಳಿಕೊಳ್ಳಲೇ ಇಲ್ಲ. 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಪ್ರತ್ಯೇಕ ದಂತವೈದ್ಯ ಕಾಲೇಜು ಆರಂಭವಾದಾಗ, ಈ ವಿದ್ಯೆ ವೈದ್ಯಕೀಯದಿಂದ ಬೇರ್ಪಟ್ಟು ತನ್ನದೇ ದಾರಿ ಹಿಡಿಯಿತು. 1926ರಲ್ಲಿ ವಿಲಿಯಂ ಗೀಸ್ ಅವರು ಕಾರ್ನೆಗಿ ಪ್ರತಿಷ್ಠಾನಕ್ಕಾಗಿ ಸಿದ್ಧಪಡಿಸಿದ ವರದಿಯು ದಂತವೈದ್ಯ ಶಿಕ್ಷಣವನ್ನು ವಿಶ್ವವಿದ್ಯಾಲಯದ ಮಟ್ಟಕ್ಕೆ ಏರಿಸಬೇಕೆಂದು ವಾದಿಸಿತು. ಅದರಿಂದ ವಿಜ್ಞಾನದ ಬುನಾದಿ ಗಟ್ಟಿಯಾಯಿತು, ನಿಜ. ಆದರೆ ವಿದ್ಯಾರ್ಥಿಯನ್ನು ಅಳೆಯುವ ಕೋಲು ಮಾತ್ರ ಬದಲಾಗಲಿಲ್ಲ: ಎಷ್ಟು ಫಿಲ್ಲಿಂಗ್, ಎಷ್ಟು ಹಲ್ಲು ಕಿತ್ತದ್ದು, ಎಷ್ಟು ಕೃತಕ ದಂತಪಂಕ್ತಿ ಎಂಬ ಲೆಕ್ಕವೇ ಮುಂದುವರಿಯಿತು. ಕಾಲೇಜಿನ ಕುರ್ಚಿಯವರೆಗೆ ಬರಲಾಗದವರು ಆ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ.

ಅವಲೋಕನದ ವಿಚಾರ ಹೊರಗಿನಿಂದ ಬಂದದ್ದು. ಗೊಂದಲ ಹುಟ್ಟಿದಲ್ಲಿಯೇ ನಿಜವಾದ ಆಲೋಚನೆ ಶುರುವಾಗುತ್ತದೆ ಎಂದು ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ 1910ರಲ್ಲಿಯೇ ವಾದಿಸಿದ್ದರು. 1983ರಲ್ಲಿ ಡೊನಾಲ್ಡ್ ಶೋನ್ ಅದನ್ನು ವೃತ್ತಿಪರರ ದಿನನಿತ್ಯದ ಕೆಲಸಕ್ಕೆ ಅನ್ವಯಿಸಿ, ಪಠ್ಯದ ಸೂತ್ರಗಳಿಗೆ ಸಿಗದ ಸಂದರ್ಭಗಳಲ್ಲಿ ನುರಿತವರು ಕೆಲಸದ ನಡುವೆಯೇ ಹೇಗೆ ಯೋಚಿಸುತ್ತಾರೆಂದು ತೋರಿಸಿದರು. ಡೇವಿಡ್ ಕೋಲ್ಬ್ 1984ರಲ್ಲಿ ಅನುಭವದಿಂದ ಕಲಿಯುವ ನಾಲ್ಕು ಹಂತಗಳ ಚಕ್ರವನ್ನೂ, ಗ್ರಹಾಂ ಗಿಬ್ಸ್ 1988ರಲ್ಲಿ ಆರು ಹಂತಗಳ ಇನ್ನೊಂದು ಚಕ್ರವನ್ನೂ ಮುಂದಿಟ್ಟರು. ದಾದಿಯರ ಮತ್ತು ಶಿಕ್ಷಕರ ತರಬೇತಿ ಇವನ್ನು ಬೇಗನೆ ತನ್ನದಾಗಿಸಿಕೊಂಡಿತು. ದಂತವೈದ್ಯ ಶಿಕ್ಷಣ ಹಿಂದೆ ಬಿತ್ತು. ನನಗೆ ತೋಚುವ ಕಾರಣ ಸರಳವಾದದ್ದು. ತುಂಬಿದ ಹಲ್ಲು ಸರಿಯಾಗಿದೆಯೋ ಇಲ್ಲವೋ ಎಂಬುದು ಕನ್ನಡಿ ಹಿಡಿದ ಕೂಡಲೇ ಕಾಣುತ್ತದೆ. ಕೈಕೆಲಸ ಕಣ್ಣೆದುರೇ ತೀರ್ಪು ಕೊಡುವಾಗ ಕುಳಿತು ಬರೆಯುವುದು ಕಾಲಹರಣವೆನಿಸಿರಬೇಕು.

ಆ ಭಾವನೆಯನ್ನು ಅಲುಗಿಸಿದ್ದು ಸಮುದಾಯದ ಕ್ಲಿನಿಕ್‌ಗಳು. ಬಡವರನ್ನೂ ಅಲ್ಪಸಂಖ್ಯಾತರನ್ನೂ ಬಾಯಿಯ ಕಾಯಿಲೆಗಳು ಸದ್ದಿಲ್ಲದೆ ಕಾಡುತ್ತಿವೆಯೆಂದು ಅಮೆರಿಕ ಸರ್ಕಾರದ ಸಾರ್ವಜನಿಕ ಆರೋಗ್ಯದ ಮುಖ್ಯ ವಕ್ತಾರರಾದ ಸರ್ಜನ್ ಜನರಲ್ ಅವರ ವರದಿ 2000ದಲ್ಲಿ ಎಚ್ಚರಿಸಿತು. ಅದರ ಬೆನ್ನಲ್ಲೇ ಆರೋಗ್ಯ ಕ್ಷೇತ್ರಕ್ಕೆ ನೆರವು ನೀಡುವ ರಾಬರ್ಟ್ ವುಡ್ ಜಾನ್ಸನ್ ಪ್ರತಿಷ್ಠಾನದ ಕಾರ್ಯಕ್ರಮವೊಂದು, ಅಂತಿಮ ವರ್ಷದ ವಿದ್ಯಾರ್ಥಿಗಳು ಸುಮಾರು 60 ದಿನಗಳನ್ನು ಇಂಥ ಕ್ಲಿನಿಕ್‌ಗಳಲ್ಲಿ ಕಳೆಯಬೇಕೆಂಬ ಗುರಿಯನ್ನು ಇಟ್ಟುಕೊಂಡಿತು. ದಿನಗಳನ್ನೇನೋ ಎಣಿಸಬಹುದು, ಕಲಿತದ್ದನ್ನು ಕಾಣುವುದು ಹೇಗೆ? ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಅಧ್ಯಾಪಕರು, ವಿದ್ಯಾರ್ಥಿಗಳ ಮನಸ್ಸನ್ನು ಕಲಕಿದ ಒಂದು ಘಟನೆಯ ಕುರಿತು ಅವರಿಂದಲೇ ಪ್ರಬಂಧ ಬರೆಸಿ, ಅವುಗಳ ವಿಶ್ಲೇಷಣೆಯನ್ನು 2003ರಲ್ಲಿ ಪ್ರಕಟಿಸಿದರು. ಈ 'ನಿರ್ಣಾಯಕ ಘಟನೆ' ವಿಧಾನದ ಮೂಲ ಸ್ವಾರಸ್ಯಕರವಾದದ್ದು: ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರ ಯಶಸ್ಸು ಮತ್ತು ವೈಫಲ್ಯಗಳನ್ನು ಅಭ್ಯಸಿಸುತ್ತಾ ರೂಪುಗೊಂಡದ್ದನ್ನು ಮನಶ್ಶಾಸ್ತ್ರಜ್ಞ ಜಾನ್ ಫ್ಲ್ಯಾನಗನ್ 1954ರಲ್ಲಿ ವಿಧಿವತ್ತಾಗಿ ವಿವರಿಸಿದ್ದರು. ಯುದ್ಧವಿಮಾನದಲ್ಲಿ ಹುಟ್ಟಿದ್ದು ಕೊನೆಗೆ ಹಲ್ಲಿನ ಕುರ್ಚಿಯ ಪಕ್ಕಕ್ಕೆ ಬಂದು ನಿಂತಿತು.

ಬರೆಯುವುದರಿಂದ ಆಗುವುದಾದರೂ ಏನು? ಸಮುದಾಯದ ನಡುವೆ ಕೆಲಸ ಮಾಡಿದ ಮಾತ್ರಕ್ಕೆ ಸಹಾನುಭೂತಿ ಬೆಳೆಯುತ್ತದೆಂಬ ಭರವಸೆ ಇಲ್ಲ. ಪೂರ್ವಗ್ರಹವೂ ಅಷ್ಟೇ ಸುಲಭವಾಗಿ ಗಟ್ಟಿಯಾಗಬಹುದು. ದಿನಕ್ಕೆ ಹತ್ತು ಹುಳುಕು ಬಾಯಿಗಳನ್ನು ನೋಡಿದ ವಿದ್ಯಾರ್ಥಿ 'ಇವರಿಗೆ ಹಲ್ಲಿನ ಬಗ್ಗೆ ಕಾಳಜಿಯೇ ಇಲ್ಲ' ಎಂಬ ತೀರ್ಮಾನದೊಂದಿಗೆ ಹಿಂತಿರುಗಿದರೆ, ಆ ದಿನಗಳು ಅವನಿಗೆ ತಪ್ಪನ್ನೇ ಕಲಿಸಿದಂತಾಯಿತು. ಅದೇ ವಾಕ್ಯವನ್ನು ಅವನು ಕಾಗದದ ಮೇಲೆ ಬರೆದಾಗ, 'ಇದು ನಿನಗೆ ಹೇಗೆ ಗೊತ್ತು? ಅವರನ್ನು ಕೇಳಿದೆಯಾ?' ಎಂದು ಪಕ್ಕದಲ್ಲಿ ಬರೆಯಲು ಅಧ್ಯಾಪಕರಿಗೆ ಜಾಗ ಸಿಗುತ್ತದೆ. ಆ ಪ್ರಶ್ನೆಯಿಲ್ಲದೆ ಅವಲೋಕನ ಬರಿಯ ದಿನಚರಿ.

ತೊಡಕು ಶುರುವಾಗುವುದೂ ಇಲ್ಲಿಯೇ. ಅಂಕ ಕೊಟ್ಟರೆ ವಿದ್ಯಾರ್ಥಿ ಅಧ್ಯಾಪಕರಿಗೆ ಹಿಡಿಸುವ ಪಶ್ಚಾತ್ತಾಪವನ್ನು ಬರೆಯಲು ಕಲಿಯುತ್ತಾನೆ. ಕೊಡದಿದ್ದರೆ ಪರೀಕ್ಷೆಯ ಒತ್ತಡದಲ್ಲಿ ಬರೆಯುವುದೇ ಇಲ್ಲ. ಬರೆದ ತಪ್ಪೊಪ್ಪಿಗೆ ಮುಂದೆ ತನಗೇ ಮುಳುವಾದೀತೆಂಬ ಭಯವೂ ಇದೆ. ಆದರೂ ಬ್ರಿಟನ್ನಿನಲ್ಲಿ 2018ರಿಂದ ದಂತವೈದ್ಯರ ವೃತ್ತಿಕಾಲದ ಕಡ್ಡಾಯ ಕಲಿಕೆಯಲ್ಲಿ ಅವಲೋಕನವೂ ಸೇರಿದೆ. 2019ರಲ್ಲಿ ಅಲ್ಲಿನ ಒಂಬತ್ತು ಆರೋಗ್ಯ ನಿಯಂತ್ರಣ ಸಂಸ್ಥೆಗಳು ಅವಲೋಕನವನ್ನು ಬೆಂಬಲಿಸಿ ಜಂಟಿ ಹೇಳಿಕೆ ಹೊರಡಿಸಿದವು. ಅಂಕವನ್ನು ಬಿಟ್ಟು ಬರೆದರೋ ಇಲ್ಲವೋ ಎಂಬುದನ್ನಷ್ಟೇ ಗುರುತಿಸಿ, ಉಳಿದದ್ದನ್ನು ಚಿಕ್ಕ ಗುಂಪಿನ ಮಾತುಕತೆಗೆ ಬಿಡುವ ಪದ್ಧತಿಯೇ ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ಇಷ್ಟಾದರೂ ಈ ಪುಟಗಳನ್ನು ಬರೆಯುವವರು ವಿದ್ಯಾರ್ಥಿಗಳು, ಓದುವವರು ಅಧ್ಯಾಪಕರು. ಹಲ್ಲು ಕಳೆದುಕೊಂಡು ಹೋದವರು ಆ ದಿನವನ್ನು ಹೇಗೆ ನೆನೆಯುತ್ತಾರೆ ಎಂಬುದಕ್ಕೆ ಅಲ್ಲಿ ಇನ್ನೂ ಅಂಕಣವಿಲ್ಲ.