ಬೆರಳಿಟ್ಟಲ್ಲಿ ಯಾವ ಹೋಳು?

ಪೈ ಚಾರ್ಟ್ ಎಂದರೆ ಒಂದು ಚಿತ್ರ, ಬಣ್ಣ ತುಂಬಿದರೆ ಕೆಲಸ ಮುಗಿಯಿತು ಎಂದು ನಂಬಿದವರಿಗೆ ಒಂದು ಲೆಕ್ಕ ಒಪ್ಪಿಸುತ್ತೇನೆ. ಕಿಟಕಿ, ಗುಂಡಿಗಳಿರುವ ತಂತ್ರಾಂಶ ಕಟ್ಟಲು ಬಳಸುವ ಕ್ಯೂಟ್ (Qt) ಎಂಬ ಫ್ರೇಮ್‌ವರ್ಕಿನಲ್ಲಿ ದತ್ತಾಂಶ ತೋರಿಸುವ ಹೊಸ ಬಗೆಯ ವ್ಯೂ (ನೋಟ) ಒಂದನ್ನು ನೀವೇ ಕಟ್ಟಹೊರಟರೆ, ಕ್ಯೂಅಬ್‌ಸ್ಟ್ರಾಕ್ಟ್‌ಐಟಂವ್ಯೂ ಎಂಬ ಮೂಲ ಕ್ಲಾಸ್ ಒಂಬತ್ತು ಫಂಕ್ಷನ್‌ಗಳನ್ನು ಬರೆಯಲೇಬೇಕೆಂದು ಪಟ್ಟು ಹಿಡಿಯುತ್ತದೆ. ಒಂದನ್ನು ಬಿಟ್ಟರೂ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಒಪ್ಪುವುದಿಲ್ಲ. ಈ ಒಂಬತ್ತರಲ್ಲಿ ಚಿತ್ರ ಬರೆಯುವ ಫಂಕ್ಷನ್ ಒಂದೂ ಇಲ್ಲ!

ಹಾಗಾದರೆ ಅದು ಕೇಳುವುದಾದರೂ ಏನನ್ನು? ಈ ಅಂಶ ತೆರೆಯ ಮೇಲೆ ಎಲ್ಲಿದೆ, ಈ ಬಿಂದುವಿನಲ್ಲಿ ಯಾವ ಅಂಶವಿದೆ, ಬಾಣದ ಕೀಲಿ ಒತ್ತಿದರೆ ಮುಂದಿನದು ಯಾವುದು, ಪುಟ ಎಷ್ಟು ಸರಿದಿದೆ. ಹೆಚ್ಚಿನವು ಪ್ರಶ್ನೆಗಳೇ. ಬಣ್ಣ ಬಳಿಯುವುದು ನಿಮ್ಮಿಷ್ಟ. ವಿಳಾಸ ಹೇಳುವುದು ಮಾತ್ರ ಕಡ್ಡಾಯ.

ದತ್ತಾಂಶ ಬೇರೆ, ಅದರ ನೋಟ ಬೇರೆ ಎಂಬ ವಿಚಾರವನ್ನು 1979ರ ಸುಮಾರಿಗೆ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಸ್ಪಷ್ಟವಾಗಿ ಬರೆದಿಟ್ಟವರು ನಾರ್ವೆಯ ಟ್ರಿಗ್ವೆ ರೀನ್‌ಸ್ಕೌಗ್. ಕ್ಯೂಟ್ ಹುಟ್ಟಿದ್ದೂ ನಾರ್ವೆಯಲ್ಲೇ. ಹಾವರ್ಡ್ ನೂರ್ಡ್ ಮತ್ತು ಐರಿಕ್ ಚೇಂಬ್-ಎಂಗ್ ಇದನ್ನು ಆರಂಭಿಸಿದ್ದು 1991ರಲ್ಲಿ. ಯಕ್ಷಗಾನ ಕಂಡವರಿಗೆ ಈ ವಿಚಾರ ಹೊಸದೇನಲ್ಲ. ಪ್ರಸಂಗ ಒಂದೇ, ಮೇಳಗಳು ಹಲವು. ಅದೇ ಮನೆಖರ್ಚಿನ ಕೋಷ್ಟಕವನ್ನು ಒಂದು ವ್ಯೂ ಸಾಲುಗಳಾಗಿ ಆಡಿ ತೋರಿಸುತ್ತದೆ, ಇನ್ನೊಂದು ಹೋಳುಗಳಾಗಿ. ಆಟ ಮುಗಿದ ಮೇಲೆ ರಂಗದ ಮೇಲೆ ಏನೂ ಉಳಿಯುವುದಿಲ್ಲ. ಚಾರ್ಟ್ ಕೂಡ ಅಂಗಳದ ರಂಗೋಲಿಯಂತೆ; ಕಿಟಕಿ ಹಿಗ್ಗಿದರೆ, ಒಂದು ಅಂಕಿ ಬದಲಾದರೆ, ಚುಕ್ಕಿಯಿಂದ ಹಿಡಿದು ಮತ್ತೆ ಹಾಕಬೇಕು. ಅದನ್ನೂ ಮನಸ್ಸು ಬಂದಾಗ ಹಾಕುವಂತಿಲ್ಲ. ‘ಹಳತಾಯಿತು’ ಎಂದು ಅಪ್‌ಡೇಟ್ ಮೂಲಕ ತಿಳಿಸಿ ಸುಮ್ಮನಿರಬೇಕು. ಹತ್ತು ಸಲ ತಿಳಿಸಿದರೂ ಫ್ರೇಮ್‌ವರ್ಕ್ ಅವನ್ನು ಒಟ್ಟುಗೂಡಿಸಿ ಸಾಮಾನ್ಯವಾಗಿ ಒಂದೇ ಸಲ, ಚಿತ್ರ ಬರೆಯುವ ಪೇಂಟ್‌ಇವೆಂಟ್ ಫಂಕ್ಷನನ್ನು ಕರೆಯುತ್ತದೆ. ಮೌಸ್ ಒತ್ತಿದ ಕೂಡಲೇ ತೆರೆಗೆ ಬಣ್ಣ ಎರಚಲು ಓಡುವ ಹೊಸಬರ ಅವಸರ ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಹೋಳು ಬಿಡಿಸುವ ಡ್ರಾಪೈ ಫಂಕ್ಷನ್ ಮಾತ್ರ ನನ್ನ ಮುದ್ದಿನದು. ಅದಕ್ಕೆ ಕೋನವನ್ನು ಡಿಗ್ರಿಯಲ್ಲಿ ಕೊಡುವಂತಿಲ್ಲ, ಡಿಗ್ರಿಯ ಹದಿನಾರನೆಯ ಒಂದು ಭಾಗದಲ್ಲಿ ಕೊಡಬೇಕು. ಪೂರ್ಣ ವೃತ್ತಕ್ಕೆ 5760. ದಶಮಾಂಶ ಬೇಡ, ಪೂರ್ಣಾಂಕ ಸಾಕು, ಆದರೂ ಸೂಕ್ಷ್ಮತೆ ಬೇಕು ಎಂಬವರ ಉಪಾಯವಿದು. 1957ಕ್ಕೆ ಮುಂಚಿನ ನಮ್ಮ ರೂಪಾಯಿಯಂತೆ ಇಲ್ಲಿನ ಡಿಗ್ರಿಗೂ ಹದಿನಾರಾಣೆ! ಯುನಿಕ್ಸ್ ಗಣಕಗಳ ತೆರೆ ನೋಡಿಕೊಳ್ಳುವ ಎಕ್ಸ್ ವಿಂಡೋ ವ್ಯವಸ್ಥೆಯವರು ಇನ್ನೂ ಜಿಪುಣರು. ಅಲ್ಲಿ ಡಿಗ್ರಿಗೆ 64 ಭಾಗ, ವೃತ್ತಕ್ಕೆ 23040. ಉಗಿಯಂತ್ರದ ಜೇಮ್ಸ್ ವ್ಯಾಟ್ ಬಳಿ ನಕ್ಷೆಗಾರನಾಗಿದ್ದ ವಿಲಿಯಂ ಪ್ಲೇಫೇರ್ 1801ರಲ್ಲಿ ಮೊದಲ ಪೈ ಚಾರ್ಟ್‌ಗಳನ್ನು ಅಚ್ಚು ಹಾಕಿಸಿದ. ಒಂದರಲ್ಲಿ ತುರ್ಕಿ ಸಾಮ್ರಾಜ್ಯ ಏಷ್ಯಾ, ಯುರೋಪ್, ಆಫ್ರಿಕಾಗಳಲ್ಲಿ ಎಷ್ಟೆಷ್ಟು ಹರಡಿದೆ ಎಂದು ತೋರಿಸಿದ್ದ. ಅವನಿಗೊಂದು ಸುಖವಿತ್ತು: ಅವನ ಹೋಳುಗಳ ಮೇಲೆ ಯಾರೂ ಮೌಸ್ ಒತ್ತುತ್ತಿರಲಿಲ್ಲ.

ನಿಜವಾದ ಕಸರತ್ತು ಇರುವುದು ಅಲ್ಲೇ, ‘ಈ ಬಿಂದುವಿನಲ್ಲಿ ಯಾವ ಅಂಶವಿದೆ’ ಎಂಬುದಕ್ಕೆ ಉತ್ತರಿಸುವ ಇಂಡೆಕ್ಸ್‌ಅಟ್ ಎಂಬ ಫಂಕ್ಷನ್‌ನಲ್ಲಿ. ಬರೆಯುವಾಗ ಅಂಕಿಯಿಂದ ಕೋನ, ಕೋನದಿಂದ ಪಿಕ್ಸೆಲ್. ಒತ್ತಿದಾಗ ಅದೇ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕು. ಮೊದಲು ಸ್ಕ್ರಾಲ್ ಆಗಿರುವಷ್ಟನ್ನು ಕೂಡಿಸಿ, ಕೇಂದ್ರವನ್ನು ಕಳೆದು, ದೂರ ಅಳೆಯಬೇಕು. ದೂರ ತ್ರಿಜ್ಯಕ್ಕಿಂತ ಹೆಚ್ಚಾದರೆ ಬೆರಳು ವೃತ್ತದಾಚೆ ಬಿದ್ದಿದೆ. ಒಳಗಿದ್ದರೆ ಕೋನ ಹುಡುಕಿ, ಹೋಳುಗಳನ್ನು ಒಂದೊಂದಾಗಿ ದಾಟುತ್ತ ಹೋಗಬೇಕು. ಕೋನಕ್ಕೆ ಲಂಬ ದೂರವನ್ನು ಅಡ್ಡ ದೂರದಿಂದ ಭಾಗಿಸಿ ಟ್ಯಾನ್‌ನ ವಿಲೋಮ ತೆಗೆದರಾಯಿತು ಎನ್ನುವಿರಾ? ಕೇಂದ್ರದಿಂದ ಎಡಕ್ಕೆ 3, ಮೇಲಕ್ಕೆ 4 ಇರುವ ಬಿಂದುವಿಗೆ ಅದು ಮೈನಸ್ 53.13 ಡಿಗ್ರಿ ಎನ್ನುತ್ತದೆ. ಅದು ನೇರ ಎದುರಿನ ದಿಕ್ಕು! ಭಾಗಿಸುವಾಗ ಯಾವ ಸಂಖ್ಯೆ ಋಣ ಎಂಬ ಗುರುತು ಅಳಿಸಿಹೋಯಿತು. ತಂದೆ ತಾಯಿ ಇಬ್ಬರ ಹೆಸರನ್ನೂ ಅಳಿಸಿ ಬರೀ ಮನೆತನ ಹೇಳಿದಂತೆ. ಎರಡನ್ನೂ ಬೇರೆ ಬೇರೆಯಾಗಿ ಕೇಳುವ ಏಟ್ಯಾನ್2 ಸರಿಯಾದ 126.87 ಕೊಡುತ್ತದೆ.

ಇದೆಲ್ಲ ಮಾಡಿಯೂ ನಾನು ಬರೆದ ಮೊದಲ ಚಾರ್ಟಿನಲ್ಲಿ ಮೇಲಿನ ‘ಬಾಡಿಗೆ’ ಒತ್ತಿದರೆ ಕೆಳಗಿನ ‘ಹಾಲು’ ಆಯ್ಕೆಯಾಗುತ್ತಿತ್ತು. ಶಾಲೆಯಲ್ಲಿ ವೈ ಅಕ್ಷ ಮೇಲಕ್ಕೆ ಏರುತ್ತದೆ, ತೆರೆಯಲ್ಲಿ ಕೆಳಕ್ಕೆ ಇಳಿಯುತ್ತದೆ. ಹಳೆಯ ಟಿವಿಯ ಎಲೆಕ್ಟ್ರಾನ್ ಕಿರಣ ಎಡ ಮೇಲ್ತುದಿಯಿಂದ ಹೊರಟು, ನಾವು ಪುಟ ಓದುವಂತೆ, ಸಾಲು ಸಾಲಾಗಿ ಕೆಳಗಿಳಿಯುತ್ತಿತ್ತು. ಆ ಗಾಜಿನ ಕೊಳವೆಗಳು ಗುಜರಿ ಸೇರಿದರೂ ಸೊನ್ನೆ ಇನ್ನೂ ಅದೇ ಮೂಲೆಯಲ್ಲಿ ಕೂತಿದೆ. ಡ್ರಾಪೈ ಕೋನಗಳು ಮಾತ್ರ ಶಾಲೆಯ ಪದ್ಧತಿಯಂತೆ ಗಡಿಯಾರದ ಮೂರು ಗಂಟೆಯಿಂದ ಹೊರಟು ಅಪ್ರದಕ್ಷಿಣೆಯಾಗಿ ಸುತ್ತುತ್ತವೆ. ಒಂದು ಮೈನಸ್ ಚಿಹ್ನೆ ಹಾಕಿದೆ, ಬಾಡಿಗೆ ಬಾಡಿಗೆಯಾಯಿತು.

ಆಮೇಲೆ ನಟ್ಟನಡುವೆ ಒತ್ತಿ ನೋಡಿದೆ. ಕೇಂದ್ರಬಿಂದು ಎಲ್ಲ ಹೋಳುಗಳಿಗೂ ಸೇರಿದ್ದು. ಅಲ್ಲಿ ದೂರ ಸೊನ್ನೆ, ಕೋನಕ್ಕೆ ಅರ್ಥವೇ ಇಲ್ಲ. ಏಟ್ಯಾನ್2 ಮಾತ್ರ ಅಳುಕದೆ ಸೊನ್ನೆ ಡಿಗ್ರಿ ಎಂದು ಹೇಳಿ, ಮೊದಲ ಹೋಳನ್ನು ಎತ್ತಿ ಕೈಗಿತ್ತಿತು. ದೂರ ಸೊನ್ನೆಯಾದರೆ ‘ಯಾವುದೂ ಅಲ್ಲ’ ಎಂದು ಮರಳಿಸುವ ಸಾಲೊಂದನ್ನು ಸೇರಿಸಿದೆ.