ಛಲ ಅಂದ್ರೆ ಗೆಲ್ಲೋದು ಅಂತ ಯಾರು ಹೇಳಿದ್ದು?

ಥಾಯ್ಲೆಂಡಿನ ಆ ಶಾಂಪೂ ಜಾಹೀರಾತು ಮತ್ತೆ ಸುತ್ತು ಹೊಡೀತಾ ಇದೆ. ಕಿವಿ ಕೇಳದ ಹುಡುಗಿ ಪಿಟೀಲು ನುಡಿಸ್ತಾಳಲ್ಲ, ಪ್ಯಾಂಟೀನ್‌ದು, 2008ರದ್ದು, ಅದೇ. ಗೋಣಿಕೊಪ್ಪ ವಿರಾಜಪೇಟೆ ಕಡೆ ಮಳೆ ಹಿಡಿದು ತೋಟದ ಕೆಲಸ ನಿಂತ್ರೆ ಫೋನಿಗೆ ಇಂಥವು ಬರೋದು ಜಾಸ್ತಿ, ಬರ್ಲಿ ಬಿಡಿ, ವಿಡಿಯೊ ಚೆನ್ನಾಗೇ ಇದೆ. ನನ್ನ ತಕರಾರು ಇರೋದು ಅದರ ತಲೆ ಮೇಲೆ ಬರೆದು ಕಳಿಸೋ ಸಾಲಿನ ಬಗ್ಗೆ: "ಛಲವಿದ್ದರೆ ಗೆಲುವು ಖಚಿತ". ಅದರ ಕೆಳಗೆ ಇನ್ನೊಬ್ಬರು, "ನೋಡಿ ಕಣ್ಣೀರು ಬಂತು, ನನಗೂ ಛಲ ಬಂತು". ಕೋಚಿಂಗ್ ಸೆಂಟರ್ ಗೋಡೆ ಮೇಲೂ ಇದೇ, ಸ್ಕೂಲ್ ಡೇ ಬ್ಯಾನರ್ ಮೇಲೂ ಇದೇ. ಯಾವ ಅಡುಗೆಗೂ ಉದುರಿಸೋ ಮಸಾಲೆ ಪುಡಿ ಥರ ಆಗ್ಬಿಟ್ಟಿದೆ ಈ ಪದ.

ಮೊದಲು ಒಂದು ಗೋಜಲು ಬಿಡಿಸ್ತೀನಿ, ನಂಗೆ ಇಷ್ಟದ ವಿಷಯ, ಸ್ವಲ್ಪ ಉದ್ದ ಆಗುತ್ತೆ. ಸಂಸ್ಕೃತದಲ್ಲಿ ಛಲ ಅಂದ್ರೆ ಮೋಸ, ಕಪಟ, ನೆಪ. ಹಿಂದೀಲೂ ಅಷ್ಟೇ. ಅದಕ್ಕೇ ಹಿಂದಿಯಿಂದ ಅವಸರದಲ್ಲಿ ಕನ್ನಡಕ್ಕೆ ಇಳಿಸಿದ ಡೈಲಾಗಲ್ಲಿ "ಅವನು ನನ್ನ ಜೊತೆ ಛಲ ಮಾಡಿದ" ಅಂತ ನಾಯಕಿ ಅಳ್ತಿದ್ರೆ, ನೋಡ್ತಾ ಕೂತ ಅಜ್ಜಿಗೆ ಗಂಡಸು ಛಲ ಮಾಡಿದ್ರೆ ಒಳ್ಳೇದೇ ಅಲ್ವಾ ಇವಳ್ಯಾಕೆ ಅಳ್ತಾಳೆ ಅನ್ಸುತ್ತೆ. ನ್ಯಾಯಶಾಸ್ತ್ರದಲ್ಲಂತೂ (ಕೋರ್ಟಿಂದಲ್ಲ, ತರ್ಕದ ಶಾಸ್ತ್ರ) ಇದು ಪಾರಿಭಾಷಿಕ ಪದ. ಗೌತಮನ ನ್ಯಾಯಸೂತ್ರ ಹೇಳೋ 16 ಪದಾರ್ಥಗಳಲ್ಲಿ, ಅಂದ್ರೆ ತಿಳ್ಕೋಬೇಕಾದ ವಿಷಯಗಳಲ್ಲಿ, ಛಲಾನೂ ಒಂದು, ವಾದ ಮಾಡುವಾಗ ಎದುರಾಳಿ ಆಡಿದ ಮಾತಿಗೆ ಅವನ ಮನಸ್ಸಲ್ಲೇ ಇಲ್ಲದ ಅರ್ಥ ಹಚ್ಚಿ ಅವನನ್ನ ಸಿಕ್ಕಿಸಿ ಹಾಕೋದು. ವಾಕ್‌ಛಲ, ಸಾಮಾನ್ಯಛಲ, ಉಪಚಾರಛಲ ಅಂತ ಮೂರು ಬಗೆ ಬೇರೆ. ವಾಕ್‌ಛಲಕ್ಕೆ ಕೊಡೋ ಉದಾಹರಣೆ ಮಜವಾಗಿದೆ: ಈ ಹುಡುಗ "ನವಕಂಬಲ", ಅಂದ್ರೆ ಹೊಸ ಕಂಬಳಿ ಇರೋನು ಅಂತ ಒಬ್ಬ ಅಂತಾನೆ, ಎದುರಿನವನು "ಎಲ್ಲಪ್ಪಾ ಒಂಬತ್ತು ಕಂಬಳಿ, ನಂಗೆ ಕಾಣ್ತಿರೋದು ಒಂದೇ" ಅಂತಾನೆ. ನವ ಅಂದ್ರೆ ಹೊಸತೂ ಹೌದು, ಒಂಬತ್ತೂ ಹೌದು. (ಜುಲೈ ತಿಂಗಳ ಮಡಿಕೇರೀಲಿ ಒಂಬತ್ತಿದ್ರೂ ಸಾಲಲ್ಲ, ಅದು ಬೇರೆ ಮಾತು.)

ಅಂಥಾ ವಕ್ರ ಪದ ಕನ್ನಡಕ್ಕೆ ಬಂದು ನೆಟ್ಟಗಾಯ್ತು. ತೆಲುಗಲ್ಲೂ ಚಲಮು ಅಂದ್ರೆ ಪಟ್ಟು ಬಿಡದಿರೋದೇ, ಅಂದ್ರೆ ದಕ್ಷಿಣಕ್ಕೆ ಬಂದ ಮೇಲೆ ಮೋಸಗಾರನ ಜಾಗಕ್ಕೆ ಮೊಂಡ ಬಂದು ಕೂತ. ಹಳಗನ್ನಡದಲ್ಲಿ ಮಹಾಪ್ರಾಣ ಬಿಟ್ಟು "ಚಲ" ಅಂತ ಬರೆಯೋದೂ ಇತ್ತು, ಹಾಗಾಗಿ ಚಲ ಅಂತ ಟೈಪ್ ಮಾಡಿದವರನ್ನ ತಿದ್ದೋಕೆ ಓಡಬೇಡಿ. ಆದ್ರೆ ಸಂಸ್ಕೃತದಲ್ಲಿ ಇನ್ನೊಂದು ಚಲ ಇದೆ, ಅಲ್ಲಾಡೋದು ಅನ್ನೋ ಅರ್ಥದ್ದು, ಚಲನೆ ಚಂಚಲ ಅಚಲ ಇದರಲ್ಲೆಲ್ಲ ಇರೋದು, ಅದನ್ನ ಇದಕ್ಕೆ ಗಂಟು ಹಾಕಿ "ಛಲ ಎಂದರೆ ಸದಾ ಮುಂದೆ ಸಾಗುವುದು" ಅಂತ ವೇದಿಕೆ ಮೇಲೆ ನಿಂತು ಭಾಷಣ ಬಿಗಿಯೋರು ಇದ್ದಾರಲ್ಲ, ಅವರನ್ನ ಬೇಕಾದ್ರೆ ತಿದ್ದಿ. ಛಲದವನು ಅಲ್ಲಾಡೋದೇ ಇಲ್ಲ, ಅವನ ಕಷ್ಟ ಇರೋದೇ ಅಲ್ಲಿ.

10ನೇ ಶತಮಾನದ ಹೊತ್ತಿಗೆ ಕನ್ನಡದಲ್ಲಿ ಈ ಅರ್ಥ ಪೂರ್ತಿ ಗಟ್ಟಿಯಾಗಿತ್ತು. ಪಂಪ ತನ್ನ ಭಾರತದಲ್ಲಿ ಯಾರ್ಯಾರು ಯಾವ್ಯಾವುದಕ್ಕೆ ದೊಡ್ಡೋರು ಅಂತ ಹೇಳುವಾಗ ಶುರು ಮಾಡೋದೇ "ಛಲದೊಳ್ ದುರ್ಯೋಧನಂ" ಅಂತ. ಅರ್ಜುನನ ಹೆಸರೂ ಬರುತ್ತೆ, ಧರ್ಮರಾಯಂದೂ ಬರುತ್ತೆ, ಆದ್ರೆ ಅವರು ಬೇರೆ ಬೇರೆ ಗುಣಕ್ಕೆ. ಅದೇ ಶತಮಾನದ ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಇನ್ನೂ ಬಿಚ್ಚಿ ಹೇಳ್ತಾನೆ, "ನೆಲಕಿರಿವೆನೆಂದು ಬಗೆದಿರೆ ಛಲಕಿರಿವೆಂ". ನೆಲಕ್ಕೋಸ್ಕರ ಹೊಡೆದಾಡ್ತೀನಿ ಅಂದ್ಕೊಂಡ್ರಾ, ನಾನು ಹೊಡೆದಾಡೋದು ಛಲಕ್ಕೆ, ಕರ್ಣನನ್ನ ಕೊಲ್ಲಿಸಿದ ಈ ನೆಲ ನಂಗೆ ಪಾಳುನೆಲ ಅಂತ. ರಾಜ್ಯ ಕೈಗೆ ಬಂದ್ರೂ ಅವನಿಗೆ ಬೇಡ. ಆಮೇಲೆ ತೊಡೆ ಮುರಿದು ಬೀಳ್ತಾನೆ. ಕನ್ನಡ ಕಾವ್ಯ ಛಲಕ್ಕೆ ಅಂತ ಆರಿಸಿ ಕೂರಿಸಿದ ನಂಬರ್ ಒನ್ ಮನುಷ್ಯ ಸೋತೋನು ಕಣ್ರೀ. ಈಗ ಹೇಳಿ, ಗೆಲುವು ಖಚಿತ ಅನ್ನೋದು ಎಲ್ಲಿಂದ ಬಂತು?

ದುರ್ಯೋಧನ ಬೇಡ ಅಂದ್ರೆ ಬಸವಣ್ಣನ್ನ ಕೇಳಿ. "ಛಲಬೇಕು ಶರಣಂಗೆ ಪರಧನವನೊಲ್ಲೆನೆಂಬ" ಅಂತ ವಚನ ಶುರುವಾಗುತ್ತೆ, ಆಮೇಲೆ ಪರಸತಿಯನ್ನ ಒಲ್ಲೆ, ಪರದೈವವನ್ನ ಒಲ್ಲೆ. ಮೊದಲ ಮೂರು ಸಾಲೂ ಒಲ್ಲೆ, ಒಲ್ಲೆ, ಒಲ್ಲೆ. ಒಬ್ಬ ಕಾವ್ಯದ ಕ್ಷತ್ರಿಯ, ಇನ್ನೊಬ್ಬ ಕಲ್ಯಾಣದ ಶರಣ, ಇಬ್ಬರಿಗೂ ಸಂಬಂಧ ಇಲ್ಲ, ಆದ್ರೆ ಪದ ಇಬ್ಬರ ಬಾಯಲ್ಲೂ ಒಂದೇ ಕೆಲಸ ಮಾಡ್ತಿದೆ. ಛಲದ ತಿರುಳು ಈ ಒಲ್ಲೆ. ಏನೋ ಪಡ್ಕೊಳ್ಳೋದಲ್ಲ, ಇದಕ್ಕೆ ಮಾತ್ರ ಬಗ್ಗಲ್ಲ ಅನ್ನೋದು, ನಷ್ಟ ಆದ್ರೂ ಸರಿ.

ಹಠ ಬೇರೆ, ಅದು ಐಸ್‌ಕ್ರೀಮ್ ಅಂಗಡಿ ಮುಂದೆ ಮಗು ಮಾಡೋದು, ಸಿಕ್ಕ ತಕ್ಷಣ ಮುಗೀತು. ಜಿದ್ದು ಬೇರೆ, ಅದಕ್ಕೆ ಎದುರುಗಡೆ ಒಬ್ಬ ಬೇಕೇ ಬೇಕು. ಮಡಿಕೇರಿ ದಸರಾದಲ್ಲಿ ದಶಮಂಟಪಗಳ (ಹತ್ತು ದೇವಸ್ಥಾನಗಳ ಮೆರವಣಿಗೆ ಮಂಟಪಗಳು) ನಡುವೆ ಬಹುಮಾನಕ್ಕೆ ನಡೆಯೋದು ಜಿದ್ದು, ಅದನ್ನ ಛಲ ಅಂತ ಯಾರೂ ಅನ್ನಲ್ಲ, ಅನ್ನಬಾರದು. ಕೊಡವ ಕುಟುಂಬಗಳ ಹಾಕಿ ಇದೆಯಲ್ಲ, 1997ರಲ್ಲಿ ಕರಡದಲ್ಲಿ ಶುರುವಾಗಿದ್ದು, ಅಲ್ಲಿ ಫೈನಲ್ ಆಡೋ ಎರಡು ಮನೆತನದ ಮಧ್ಯೆ ಇರೋದೂ ಜಿದ್ದೇ. ಛಲ ನೋಡ್ಬೇಕಂದ್ರೆ ಮೊದಲ ಸುತ್ತಲ್ಲೇ ಮನೆಗೆ ಹೋಗೋ ಟೀಮುಗಳನ್ನ ನೋಡಿ, ಸೋಲ್ತೀವಿ ಅಂತ ಗೊತ್ತಿದ್ದೂ ಬೆಂಗಳೂರು ಮೈಸೂರಿನಿಂದ ರಜೆ ಹಾಕಿ ಬಂದು ನಮ್ಮನೆ ಹೆಸರಲ್ಲೂ ಹನ್ನೊಂದು ಜನ ಇಳೀಲೇಬೇಕು ಅಂತಾರಲ್ಲ, ಅದು. ಚಂದಮಾಮ ಓದಿ ಬೆಳೆದೋರಿಗೆ "ಛಲ ಬಿಡದ ತ್ರಿವಿಕ್ರಮ" ಗೊತ್ತು, ಅವನೂ ಅಷ್ಟೇ, ಪ್ರತಿ ಸಲ ಉತ್ತರ ಸರಿ ಹೇಳಿ ಪ್ರತಿ ಸಲ ಶವ ಕಳ್ಕೊಂಡು ಮತ್ತೆ ಮರದ ಹತ್ರ ವಾಪಸ್.

ಈಗ ಜಾಹೀರಾತಿಗೆ ಬರೋಣ. ಹುಡುಗಿಗೆ ಕಿವಿ ಕೇಳಲ್ಲ, ಪಿಟೀಲಿನ ಆಸೆ, ಪಿಯಾನೊ ನುಡಿಸೋ ಇನ್ನೊಬ್ಬಳು ಹಂಗಿಸ್ತಾಳೆ, ಬೀದೀಲಿ ಪಿಟೀಲು ನುಡಿಸೋ ಮುದುಕ ಒಬ್ಬ ಸಿಗ್ತಾನೆ, ಅವನಿಗೂ ಕಿವಿ ಕೇಳಲ್ಲ. ಕಲೀತಾಳೆ. ಸ್ಪರ್ಧೆಗೆ ಮುಂಚೆ ಪುಂಡರು ಬಂದು ಮುದುಕನ್ನ ಹೊಡೆದು ಪಿಟೀಲು ಮುರೀತಾರೆ, ಇವಳು ಮುರಿದ ಪಿಟೀಲಿಗೆ ಟೇಪ್ ಸುತ್ತಿ ಸ್ಟೇಜ್ ಹತ್ತುತ್ತಾಳೆ. ಛಲ ಇರೋದು ಆ ಟೇಪ್ ಸುತ್ತಿದ ಪಿಟೀಲಲ್ಲಿ. ಅಲ್ಲಿವರೆಗಿಂದು ಆಸೆ, ಅಭ್ಯಾಸ, ಒಬ್ಬ ಒಳ್ಳೆ ಮೇಷ್ಟ್ರು. ಅಲ್ಲಿಂದ ಮುಂದಿಂದು ಚಪ್ಪಾಳೆ ಮತ್ತು ಗಾಳೀಲಿ ಹಾರೋ ಕೂದಲು, ಶಾಂಪೂ ಮಾರಬೇಕಲ್ಲ ಪಾಪ. ಚಪ್ಪಾಳೆ ಬರದೇ ಇದ್ದಿದ್ರೂ ಅವಳ ಛಲ ಒಂದು ಗುಲಗಂಜಿ ಕಮ್ಮಿ ಆಗ್ತಿರಲಿಲ್ಲ, ಆದ್ರೆ ಅಂಥ ಜಾಹೀರಾತಿಗೆ ಯಾರು ದುಡ್ಡು ಹಾಕ್ತಾರೆ.

ಹಾಗಾದ್ರೆ ನಮಗೆ ಅಳು ಯಾಕೆ ಬರುತ್ತೆ? ಅರ್ಧಕ್ಕರ್ಧ ಸಂಗೀತದ ಕೈವಾಡ. ಅವಳು ನುಡಿಸೋದು ಪಾಕೆಲ್ಬೆಲ್ ಅನ್ನೋ ಜರ್ಮನ್ ಸಂಗೀತಗಾರನ (1653–1706) ಕ್ಯಾನನ್. ಅದರ ಕಟ್ಟು ನೋಡಿ: ಕೆಳಗಡೆ ಮಂದ್ರದಲ್ಲಿ ಎಂಟೇ ಸ್ವರ, ಮೂಲ ಕೃತೀಲಿ ಅದೇ ಎಂಟು ಸ್ವರ 28 ಸಲ ತಿರುಗಿ ತಿರುಗಿ ಬರುತ್ತೆ, ಒಂದಿಷ್ಟೂ ಬದಲಾಗದೆ. ಮೇಲೆ ಮೂರು ಪಿಟೀಲು ಒಂದರ ಹಿಂದೆ ಒಂದು ಅದೇ ಧಾಟಿ ಎತ್ಕೊಂಡು ಬರ್ತವೆ, ಮೊದಲು ನಿಧಾನ, ಆಮೇಲೆ ಸ್ವರ ಒತ್ತೊತ್ತಾಗಿ ಏರ್ತಾ ಹೋಗುತ್ತೆ. ನಾಲ್ಕು ನಿಮಿಷದ ಕಥೇಲಿ ವರ್ಷಗಟ್ಟಲೆ ಅಭ್ಯಾಸ ತೋರಿಸೋಕೆ ಟೈಮೆಲ್ಲಿದೆ, ಬಿಟ್ಟೂ ಬಿಡದೆ ಅದನ್ನೇ ಮಾಡ್ತಿರೋದು ಅನ್ನೋ ಅನುಭವನ ಆ ಎಂಟು ಸ್ವರ ಕೊಡುತ್ತೆ, ನಮಗೆ ಗೊತ್ತೇ ಆಗದ ಹಾಗೆ. ಸೌಂಡ್ ಆಫ್ ಮಾಡಿ ಅದೇ ವಿಡಿಯೊ ನೋಡಿ, ಕಥೆ ಎಷ್ಟು ತೆಳು ಅಂತ ಕಾಣುತ್ತೆ. ಕಿವಿ ಕೇಳದವಳ ಕಥೆ ನಮ್ಮ ಕಿವಿ ಮೇಲೇ ನಿಂತಿದೆ, ಇದು ಮಾಡಿದವರಿಗೂ ಗೊತ್ತಿರುತ್ತೆ ಬಿಡಿ.

ಅದಕ್ಕೇ "ನನಗೂ ಛಲ ಬಂತು" ಅನ್ನೋದು ತಪ್ಪು ಅಂತೀನಿ. ನೋಡೋರಿಗೆ ಬರೋದಕ್ಕೆ ನಾಟ್ಯಶಾಸ್ತ್ರದ ಭರತನ ಕಾಲದಿಂದ ಸರಿಯಾದ ಹೆಸರುಗಳಿವೆ. ಮೈ ಜುಮ್ ಅನ್ನೋದು ರೋಮಾಂಚ, ಕಣ್ಣು ತುಂಬೋದು ಅಶ್ರು, ಎರಡೂ ಎಂಟು ಸಾತ್ವಿಕ ಭಾವಗಳಲ್ಲಿ, ಅಂದ್ರೆ ಮೈಮೇಲೆ ತಾನಾಗೇ ಕಾಣೋ ಭಾವಗಳಲ್ಲಿ, ಸೇರಿದ್ದು. ಎದ್ದು ಏನಾದ್ರೂ ಮಾಡ್ಬೇಕು ಅನ್ಸೋದು ಉತ್ಸಾಹ, ಅದು ವೀರರಸದ ಸ್ಥಾಯಿಭಾವ, ಅಂದ್ರೆ ಆ ರಸಕ್ಕೆ ಬುಡದಲ್ಲಿರೋ ಭಾವ. ಕೊಡಗಿನ ಮದುವೇಲಿ ವಾಲಗ ಶುರುವಾದ ಕೂಡಲೇ ಮಂಡಿನೋವಿನ ಮಾವಂದಿರೂ ಎದ್ದು ಕುಣಿಯೋಕೆ ಇಳೀತಾರೆ, ಅದನ್ನ ಯಾರಾದ್ರೂ ಮಾವನ ಛಲ ಅಂತಾರಾ? ವಾಲಗ ನಿಂತ್ರೆ ಉತ್ಸಾಹಾನೂ ನಿಲ್ಲುತ್ತೆ. ಛಲಕ್ಕೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಇರಲ್ಲ.

ರೋಹನ್ ಬೋಪಣ್ಣ ವಿಷಯ ಯಾರಾದ್ರೂ ಎತ್ತೇ ಎತ್ತುತ್ತೀರ, ನಮ್ಮ ಜಿಲ್ಲೇಲಿ ಬೆಳೆದ ಹುಡುಗ, 2024ರಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ, ಅದು ಛಲ ಅಲ್ವಾ ಅಂತ. ಹೌದು, ಛಲಾನೇ, ಆದ್ರೆ ಕಪ್ಪು ಎತ್ತಿದ ಫೋಟೊ ಹಾಕಿ ಹೇಳಬೇಡಿ. 2010ರಲ್ಲಿ ಯುಎಸ್ ಓಪನ್ ಡಬಲ್ಸ್ ಫೈನಲ್ ಸೋತು, 2023ರಲ್ಲಿ ಅದೇ ಟೂರ್ನಿ ಅದೇ ಫೈನಲ್ ಮತ್ತೆ ಸೋತು, ಆಮೇಲೂ ಬ್ಯಾಗ್ ಹೆಗಲಿಗೆ ಹಾಕಿದ್ನಲ್ಲ, ಪದ ಸಲ್ಲೋದು ಆ ದಿನಕ್ಕೆ.

ಇನ್ನು ಜಾಹೀರಾತಿನ ಆ ಮುದುಕ. ಅವನಿಗೂ ಛಲ ಅಂತ ಬರೀತಾರೆ, ನಂಗೆ ಒಪ್ಪಿಗೆ ಇಲ್ಲ. ಅವನು ಯಾರಿಗೂ ಒಲ್ಲೆ ಅಂತಿಲ್ಲ, ಏನನ್ನೂ ಸಾಧಿಸೋಕೆ ಹೊರಟಿಲ್ಲ, ತನಗೇ ಕೇಳದ ಪಿಟೀಲನ್ನ ಬೀದೀಲಿ ನಿಂತು ನುಡಿಸ್ತಾನೆ ಅಷ್ಟೇ. ನನ್ನ ಓಟು ಶ್ರದ್ಧೆಗೆ. ಗೀಳು ಅಂತ ಕರೆದ್ರೂ ಜಗಳಕ್ಕೆ ಬರಲ್ಲ.